ಗೆದ್ದವರ ಹಬ್ಬ

ಅಣ್ಣ ಬದುಕಿದ್ದಾನೆ ಎಂಬ ಸುದ್ದಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಹೆದರಿಕೆ ಶುರುವಾಯಿತು. ಅದಕ್ಕೆ ಮುಂಚೆ ಮೂರು ವರ್ಷ ಇದ್ದದ್ದು ದುಃಖ. ದುಃಖಕ್ಕೆ ನಾವು ಹೇಗೋ ಒಗ್ಗಿಹೋಗಿದ್ದೆವು. ಹೆದರಿಕೆಗೆ ಒಗ್ಗಲು ಆಗಲಿಲ್ಲ.

ನಂದಗುಡಿ ಹೋಬಳಿಯ ಒಂದು ಹಳ್ಳಿಯಲ್ಲಿ ನಾವಿದ್ದೆವು. ಊರಿನ ಕೊನೆಯಲ್ಲಿ ಮಿಷನ್ನಿನವರ ಒಂದು ಶಾಲೆ, ಪಕ್ಕದಲ್ಲಿ ಹೆಂಚಿನ ಪ್ರಾರ್ಥನಾಮಂದಿರ, ಅದರ ಹಿಂದೆ ಸಾಲಾಗಿ ನಾಲ್ಕು ಮನೆ. ಊರಿನವರು ಅದನ್ನು ಕಿರಿಸ್ತಾನರ ಸಾಲು ಎನ್ನುತ್ತಿದ್ದರು. ಅಪ್ಪ ಶಾಲೆಯ ಮೇಷ್ಟ್ರು. ಭಾನುವಾರ ಅವರೇ ಉಪದೇಶಿ, ಆರಾಧನೆ ನಡೆಸುವವರು. ಅಣ್ಣ ಮಿಷನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಕೆಲಸ ಕಲಿತು, ಯುದ್ಧ ಶುರುವಾದ ಮೇಲೆ ಸೈನ್ಯದ ಆಸ್ಪತ್ರೆಗೆ ಸೇರಿ ಮಲಯಕ್ಕೆ ಹೋದ. ಸಿಂಗಪುರ ಜಪಾನಿನವರ ಕೈಗೆ ಬಿದ್ದ ಮೇಲೆ ಅವನ ಸುದ್ದಿ ನಿಂತುಹೋಯಿತು. ನಮ್ಮ ಮಿಷನ್ನಿನ ದೊರೆಸಾನಿ ದಂಡಿಗೆ ಹೋಗಿ ವಿಚಾರಿಸಿಕೊಂಡು ಬಂದು, ಸೆರೆ ಸಿಕ್ಕಿರಬಹುದು, ಪ್ರಾರ್ಥನೆ ಮಾಡಿ ಎಂದರು. ಬೆಂಗಳೂರಿನ ಕಂಟೋನ್ಮೆಂಟನ್ನು ನಾವು ದಂಡು ಎಂದೇ ಕರೆಯುತ್ತಿದ್ದದ್ದು. ಅಂದಿನಿಂದ ಪ್ರತಿ ಭಾನುವಾರ ಅಪ್ಪ ಎಲ್ಲರೆದುರು ಕಣ್ಣು ಮುಚ್ಚಿ, ‘ನನ್ನ ಮಗನನ್ನು ಶತ್ರುಗಳ ಸೆರೆಯಿಂದ ಬಿಡಿಸಿ ಕರೆದುಕೊಂಡು ಬಾ ತಂದೆಯೇ’ ಎಂದು ಬೇಡುತ್ತಿದ್ದರು.

ನಲವತ್ತೈದನೇ ಇಸವಿ, ರಾಗಿ ಬಿತ್ತನೆಗೆ ಹೊಲ ಹಸನು ಮಾಡುತ್ತಿದ್ದ ಕಾಲ. ಒಂದು ಮಧ್ಯಾಹ್ನ ಅನುಗೊಂಡನಹಳ್ಳಿ ಕಡೆಯ ಒಬ್ಬಾತ ಮನೆಗೆ ಬಂದ. ಸೈನ್ಯದಲ್ಲಿ ಲಾರಿ ಓಡಿಸುವವನು, ರಜೆಯ ಮೇಲೆ ಬಂದಿದ್ದ. ಚಿಕ್ಕಂದಿನಲ್ಲಿ ನಮ್ಮೂರಿನ ಸೋದರಮಾವನ ಮನೆಯಲ್ಲಿದ್ದುಕೊಂಡು ಅಪ್ಪನ ಹತ್ತಿರ ಎರಡು ವರ್ಷ ಓದಿದ್ದನಂತೆ. ಜಗಲಿಯ ಮೇಲೆ ಕೂರಿ ಎಂದರೆ ಕೂರಲಿಲ್ಲ. ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಗೋಡೆಗೆ ಒರಗಿ ಕುಳಿತ. ನಾನು ಒಳಮನೆಯಲ್ಲಿ ಖಾರ ಅರೆಯುತ್ತಿದ್ದೆ. ನನಗೆ ಆಗ ಹದಿಮೂರು ತುಂಬಿತ್ತು.

“ಮೇಷ್ಟ್ರೇ, ಬರ್ಮಾದಲ್ಲಿ ಸೆರೆ ಸಿಕ್ಕಿದೋರನ್ನ ತುಂಬ್ಕೊಂಡು ಹಿಂದಕ್ಕೆ ತಂದು ಬಿಡೋ ಕೆಲಸ ನಂದು,” ಎಂದ. “ಜಪಾನಿನೋರಲ್ಲ, ನಮ್ಮೋರೇ. ಆ ಕಡೆ ಸೇರ್ಕೊಂಡು ನಮ್ಮ ಮೇಲೇ ಬಂದೋರು.”

ಅಪ್ಪ ಅವನ ಎದುರು ಬಂದು ಕುಳಿತರು.

“ಒಂದ್ಸಲ ಅದರಾಗೊಬ್ಬ ಕನ್ನಡದಲ್ಲಿ ನೀರು ಕೇಳ್ದ. ಯಾವೂರಪ್ಪಾ ಅಂದೆ. ಹೊಸಕೋಟೆ ಕಡೆ ಅಂದ. ಅಷ್ಟರಲ್ಲಿ ಕಾವಲಿನೋನು ಬಂದ್ಬಿಟ್ಟ, ಮಾತು ನಿಂತೋಯ್ತು. ಆಮೇಲೆ ರೊಟ್ಟಿ ಕೊಟ್ರು. ಎಲ್ರೂ ಬಾಯಿಗೆ ತುರುಕ್ಕೊಂಡ್ರು. ಅವನೊಬ್ಬ ತಲೆ ಬಗ್ಗಿಸಿ, ಕಣ್ಮುಚ್ಚಿ, ಒಂದು ಗಳಿಗೆ ಸುಮ್ಕಿದ್ದು ಆಮೇಲೆ ತಿಂದ. ಆವಾಗ ಮುಖ ನೋಡ್ದೆ. ಗಡ್ಡ ಬಂದಿತ್ತು, ಧೂಳು ಮೆತ್ಕೊಂಡಿತ್ತು. ಆದ್ರೆ ಮೂಗು ನಿಮ್ಮದೇ ಮೂಗು ಮೇಷ್ಟ್ರೇ.”

ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಅವರನ್ನ ಏನ್ಮಾಡ್ತಾರಪ್ಪಾ?” ಎಂದಳು.

ಅವನು ನೆಲ ನೋಡಿದ. “ರಾಜನ ಉಪ್ಪು ತಿಂದು ತಿರುಗಿ ಬಿದ್ದೋರು ಅಂತಾರೆ ಕಣವ್ವ. ಕೋರ್ಟು ಮಾಡ್ತಾರಂತೆ. ಕೆಲವರಿಗೆ ನೇಣು ಅಂತ ನಮ್ಮ ಕ್ಯಾಂಪಲ್ಲಿ ಮಾತು. ನಂಗೆ ಸರಿಯಾಗಿ ಗೊತ್ತಿಲ್ಲ. ನಾನು ಬಂದು ಹೇಳ್ದೆ ಅಂತ ಯಾರ್ಗೂ ತಿಳೀಬಾರ್ದು. ನನ್ನ ನೌಕರಿ ಹೋಗ್ತದೆ.”

ಮಜ್ಜಿಗೆ ಕೊಟ್ಟರೆ ಅದನ್ನೂ ಕುಡಿಯದೆ ಹೊರಟುಹೋದ. ಅಮ್ಮ ನನ್ನ ಹತ್ತಿರ ಬಂದು, ಖಾರ ಮೆತ್ತಿದ ನನ್ನ ಕೈಯನ್ನೇ ಹಿಡಿದುಕೊಂಡು, “ನೀನೇನೂ ಕೇಳಿಸ್ಕೊಂಡಿಲ್ಲ” ಎಂದಳು. “ಇಲ್ಲಮ್ಮ” ಎಂದೆ. ಅವಳ ಕಣ್ಣಲ್ಲಿ ಸಂತೋಷವಿರಬೇಕೆಂದು ಹುಡುಕಿದೆ. ಮಗ ಬದುಕಿದ್ದಾನೆಂದು ಕೇಳಿದ ತಾಯಿ. ಆದರೆ ಆ ಮುಖದಲ್ಲಿ ನನಗೆ ಕಂಡದ್ದು ಬಾವಿಯೊಳಗೆ ಬಗ್ಗಿ ನೋಡಿದವರ ಮುಖ.

ಆವತ್ತಿನಿಂದ ನಾನು ಮಾತು ಕಡಿಮೆ ಮಾಡಿದೆ. ಶಾಲೆಯಲ್ಲಿ ಗೆಳತಿಯರ ಜೊತೆ ಕುಂಟೆಬಿಲ್ಲೆ ಆಡುವಾಗ ಎಲ್ಲಿ ಬಾಯಿ ಜಾರುತ್ತದೋ ಎಂದು ಆಟವನ್ನೇ ಬಿಟ್ಟೆ. ನಿದ್ದೆಯಲ್ಲಿ ಮಾತಾಡುವ ಅಭ್ಯಾಸ ನನಗಿದೆ ಎಂದು ಅಣ್ಣ ಚಿಕ್ಕಂದಿನಲ್ಲಿ ಗೇಲಿ ಮಾಡುತ್ತಿದ್ದ. ಅದು ನೆನಪಾಗಿ ಮಲಗುವಾಗ ದುಪ್ಪಟಿಯ ತುದಿಯನ್ನು ಬಾಯಿಗೆ ಕಚ್ಚಿಕೊಳ್ಳುತ್ತಿದ್ದೆ. ವಾರಕ್ಕೊಮ್ಮೆ ಠಾಣೆಯ ದಫೇದಾರ ಸೈಕಲ್ಲಿನಲ್ಲಿ ಬಂದು ಪಟೇಲರ ಮನೆಯಲ್ಲಿ ಗಸ್ತಿನ ಪುಸ್ತಕಕ್ಕೆ ರುಜು ಹಾಕಿ ಹೋಗುತ್ತಿದ್ದ. ಅವನ ಸೈಕಲ್ಲಿನ ಗಂಟೆ ಕೇಳಿದರೆ ಅಮ್ಮ ಇದ್ದ ಕೆಲಸ ಬಿಟ್ಟು ಒಳಗೆ ಬಂದು ನಿಲ್ಲುತ್ತಿದ್ದಳು. ಅಕ್ಕಿ ಆರಿಸುತ್ತಿದ್ದರೆ ಮೊರದ ಸಮೇತ ಬರುತ್ತಿದ್ದಳು.

ಅಪ್ಪನ ಕಷ್ಟ ಬೇರೆ ತರಹದ್ದು. ಆಮೇಲಿನ ಭಾನುವಾರ ಪ್ರಾರ್ಥನೆಯಲ್ಲಿ ಅಣ್ಣನ ಮಾತು ಬರಬೇಕಾದ ಜಾಗ ಬಂತು. ಅಪ್ಪ ನಿಲ್ಲಿಸಿದರು. ಮಳೆಗೆ, ಬೆಳೆಗೆ, ಮಹಾರಾಜರ ಆರೋಗ್ಯಕ್ಕೆ ಬೇಡಿ ಆಮೆನ್ ಎಂದುಬಿಟ್ಟರು. ಹೊರಗೆ ಬಂದಾಗ ನಮ್ಮ ಸಾಲಿನ ಹಿರಿಯರು, ಗಾರೆ ಕೆಲಸ ಮಾಡಿ ಬೆನ್ನು ಬಾಗಿದ್ದ ಮುದುಕರು, ನಾವೆಲ್ಲ ಗಾರೆ ತಾತ ಎನ್ನುತ್ತಿದ್ದೆವು, “ಮೇಷ್ಟ್ರೇ, ಹುಡುಗನ್ನ ಮರೆತ್ಬಿಟ್ರಲ್ಲ” ಎಂದರು. ಅಪ್ಪ ಮುಖ ಬೇರೆ ಕಡೆ ತಿರುಗಿಸಿದರು. ಮನೆಗೆ ಬಂದ ಮೇಲೆ ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು. “ಯಾವ ಶತ್ರು ಅಂತ ಹೇಳ್ಲಿ? ಈಗ ಅವನು ಇರೋದು ಇಂಗ್ಲಿಷರ ಸೆರೇಲಿ. ದೇವರ ಮುಂದೆ ನಿಂತು ಸುಳ್ಳು ಹೇಳಕ್ಕೆ ನನ್ನ ಕೈಲಾಗಲ್ಲ.” ಆಮೇಲಿನ ವಾರದಿಂದ ‘ಅವನು ಎಲ್ಲಿದ್ದರೂ’ ಎಂದು ಸೇರಿಸಿಕೊಂಡು ಬೇಡಿದರು. ಅಪ್ಪ ಸುಳ್ಳು ಹೇಳದವರೆಂದು ಊರಿಗೆಲ್ಲ ಗೊತ್ತಿತ್ತು. ಅಷ್ಟು ದಿನ ಅದು ನಮಗೆ ಹೆಮ್ಮೆಯಾಗಿತ್ತು.

ಆಗಸ್ಟಿನಲ್ಲಿ ಜಪಾನು ಸೋತಿತು. ಸುದ್ದಿ ಬಂದ ಮಾರನೆಯ ದಿನವೇ ದೊರೆಸಾನಿ ಎತ್ತಿನ ಗಾಡಿಯಲ್ಲಿ ಬಂದರು. ಮಿಷನ್ ಕಾರಿಗೆ ಪೆಟ್ರೋಲು ಸಿಗುತ್ತಿರಲಿಲ್ಲ. ಬಹಳ ವರ್ಷದಿಂದ ಈ ಕಡೆ ಇದ್ದ ಹೆಂಗಸು. ವಯಸ್ಸಾಗಿತ್ತು. ಕನ್ನಡವನ್ನು ಪುಸ್ತಕದಿಂದ ಕಲಿತವರಾದ್ದರಿಂದ ನಮ್ಮ ಹಾಗೆ ಮಾತಾಡುತ್ತಿರಲಿಲ್ಲ.

“ಉಪಾಧ್ಯಾಯರೇ, ಸರ್ಕಾರವು ರಜೆಯನ್ನು ಕೊಟ್ಟಿದೆ,” ಎಂದರು. “ನಮ್ಮ ಶಾಲೆಯಲ್ಲಿ ವಿಜಯದ ಉತ್ಸವವು ನಡೆಯಬೇಕು. ತಾಲ್ಲೂಕಿನ ಅಮಲ್ದಾರರು ಬರುವರು. ಮಕ್ಕಳು ನಡೆದು ಬಂದು ಬಾವುಟಕ್ಕೆ ವಂದಿಸಲಿ. ಸಂಜೆ ಕ್ರೈಸ್ತರ ಮನೆಗಳಲ್ಲಿ ದೀಪಗಳನ್ನು ಇಡಿರಿ. ಎಣ್ಣೆಯನ್ನು ನಾನು ತಂದಿದ್ದೇನೆ.” ಆಮೇಲೆ ನನ್ನ ತಲೆ ಮುಟ್ಟಿ, “ಈಕೆಯು ರಾಜನ ಗೀತೆಯನ್ನು ಹಾಡಲಿ. ಈಕೆಯ ಅಣ್ಣನು ಬರುವನು” ಎಂದರು. ಅವರ ಕಣ್ಣು ತುಂಬಿತ್ತು. ಗಾಡಿಯಲ್ಲಿ ಒಂದು ಡಬ್ಬ ಹೊಂಗೆ ಎಣ್ಣೆ ಇತ್ತು. ಆಗ ಸೀಮೆಎಣ್ಣೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಸಂಜೆಯೊಳಗೆ ಊರಿನ ಕಡೆಯಿಂದ ಇನ್ನೊಂದು ಮಾತು ಬಂತು. ಪಟೇಲರ ಕಿರಿಯ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಚಳವಳಿಗೆ ಸೇರಿ ಜೈಲಿಗೆ ಹೋಗಿಬಂದವನು. ಅವನು ಮತ್ತು ಅವನ ಜೊತೆಯವರು ಅರಳಿಕಟ್ಟೆಯಲ್ಲಿ ಕುಳಿತು, ಇಂಗ್ಲಿಷರು ಗೆದ್ದದ್ದಕ್ಕೆ ದೀಪ ಹಚ್ಚುವ ಮನೆ ಯಾವುದೋ ನೋಡುತ್ತೇವೆ ಎಂದಿದ್ದರು. ಅದನ್ನು ತಂದವಳು ನಮ್ಮ ಸಾಲಿನ ವಿಧವೆ, ಎಮ್ಮೆ ಕಟ್ಟಿ ಊರಿನ ಮನೆಮನೆಗೆ ಮೊಸರು ಹಾಕುತ್ತಿದ್ದ ಅತ್ತೆ.

ಮಾರನೆಯ ಬೆಳಿಗ್ಗೆ ನಾಲ್ಕು ಮನೆಯವರೂ ಪ್ರಾರ್ಥನಾಮಂದಿರದಲ್ಲಿ ಸೇರಿದರು. ಚಾಪೆಯ ಮೇಲೆ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಮೊದಲು ಮಾತೆತ್ತಿದವರು ನಾಲ್ಕನೇ ಮನೆಯ ಮಾವ. ದಂಡಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಮನೆಯಲ್ಲಿ ಬಟ್ಲರ್ ಆಗಿದ್ದವರು, ರಜೆಯ ಮೇಲೆ ಬಂದಿದ್ದರು.

“ಇದರಲ್ಲಿ ಯೋಚನೆ ಮಾಡೋದೇನಿದೆ?” ಎಂದರು. “ಇದೇನು ದೇವರ ಹಬ್ಬ ಅಲ್ಲ, ದಿಂಡರ ಹಬ್ಬ ಅಲ್ಲ. ಸರ್ಕಾರದ್ದು. ನಮಗೆ ಅನ್ನ ಹಾಕಿದೋರು ಗೆದ್ದಿದ್ದಾರೆ. ದೀಪ ಹಚ್ಚಬೇಕು, ಅಷ್ಟೇ.”

ಗಾರೆ ತಾತ ತಲೆ ಅಲ್ಲಾಡಿಸಿದರು. “ದೊಡ್ಡ ಬರದಲ್ಲಿ ನಮ್ಮಪ್ಪ ಮಿಷನ್ಗೆ ಬಂದ ಕಣಯ್ಯ. ಬಂದಾಗ ಏನೇನು ಬಿಡಿಸಿದ್ರು ಗೊತ್ತಾ? ಹೊಸ್ತಿಲ ಮೇಲೆ ದೀಪ ಇಡಬೇಡ ಅಂದ್ರು. ರಂಗೋಲಿ ಬೇಡ, ಪಟಾಕಿ ಬೇಡ ಅಂದ್ರು. ದೀಪಾವಳಿ ದಿನ ಊರೆಲ್ಲ ಬೆಳಕಾದ್ರೆ ನಮ್ಮನೆ ಒಂದೇ ಕತ್ತಲು. ನಾವು ಮಕ್ಳು ಅಳ್ತಿದ್ವು. ಈಗ ಅದೇ ಮಿಷನ್ನೋರು ದೀಪ ಹಚ್ಚು ಅಂದ್ರೆ ಅದೆಂಗೆ ಸರಿ? ಸುಳ್ಳು ದೇವರಿಗೆ ಹಚ್ಚಬಾರದು, ರಾಜನಿಗೆ ಹಚ್ಚಬೋದಾ?”

“ತಾತ, ನಿಂದು ಹಳೇ ಕಾಲ,” ಎಂದರು ಮಾವ.

ಮೊಸರಿನ ಅತ್ತೆ ಹೆಂಗಸರ ಕಡೆಯಿಂದ ಹೇಳಿದಳು: “ದೇವರಿಗೆ ಸಿಟ್ಟು ಬಂದ್ರೆ ಕೈ ಮುಗಿದ್ರೆ ಕ್ಷಮಿಸ್ತಾನೆ. ಪಟೇಲ್ರ ಮನೆಯೋರಿಗೆ ಸಿಟ್ಟು ಬಂದ್ರೆ ನನ್ನ ಮೊಸರು ಯಾರು ತಗೋತಾರೆ? ನಾವು ನೀರಿಗೆ ಹೋಗೋದು ಅವರ ಬಾವಿಗೇ ಅಲ್ವಾ?”

ಮಾವ ಅಪ್ಪನ ಕಡೆ ತಿರುಗಿದರು. “ಮೇಷ್ಟ್ರೇ, ನೀವ್ಯಾಕೆ ಸುಮ್ನಿದ್ದೀರಿ? ಎಲ್ರಿಗಿಂತ ಮೊದಲು ಹಚ್ಚಬೇಕಾದೋರು ನೀವು. ನಿಮ್ಮ ಮಗ ರಾಜನ ಸೈನ್ಯದೋನು. ನಿಮ್ಮ ಮನೇಲೇ ದೀಪ ಇಲ್ಲ ಅಂದ್ರೆ ಜನ ಏನು ತಿಳ್ಕೋಬೇಕು?”

ಪಕ್ಕದಲ್ಲಿ ಕುಳಿತಿದ್ದ ಅಮ್ಮನ ಕೈ ನನ್ನ ತೊಡೆಯ ಮೇಲಿತ್ತು. ಅದು ತಣ್ಣಗಾದದ್ದು ಲಂಗದ ಮೇಲಿಂದಲೇ ನನಗೆ ತಿಳಿಯಿತು. ಅಪ್ಪ ಚಾಪೆಯ ಅಂಚನ್ನು ನೋಡುತ್ತ, “ಶಾಲೆಗೆ ಎಲ್ಲರೂ ಹೋಗೋಣ. ಅದು ಸರ್ಕಾರದ ರಜೆ, ನಾವು ಸರ್ಕಾರದ ಪ್ರಜೆಗಳು. ಮನೆಯ ದೀಪ ಅವರವರ ಮನಸ್ಸಿಗೆ ಬಿಟ್ಟದ್ದು. ಹಚ್ಚಿದವರನ್ನ ಹಚ್ಚದವರು, ಹಚ್ಚದವರನ್ನ ಹಚ್ಚಿದವರು ಏನೂ ಅನ್ನಬಾರದು” ಎಂದರು. ಸಭೆ ಅಲ್ಲಿಗೆ ಮುಗಿಯಿತು. ಯಾರಿಗೂ ಸಮಾಧಾನವಾಗಲಿಲ್ಲ.

ಮನೆಯಲ್ಲಿ ಅಮ್ಮ ಅಪ್ಪನ ಮೇಲೆ ತಿರುಗಿಬಿದ್ದಳು. ಧ್ವನಿ ಏರಿಸದೆ ಜಗಳವಾಡುವುದನ್ನು ಅವರಿಬ್ಬರೂ ಆ ಎರಡು ತಿಂಗಳಲ್ಲಿ ಕಲಿತಿದ್ದರು.

“ನನ್ನ ಮಗನ್ನ ಹಿಡಿದು ಕೂಡಿಹಾಕಿದೋರು ಗೆದ್ರು ಅಂತ ನಾನು ಹೋಗಿ ಕುಣೀಲಾ?”

“ಹೋಗದೆ ಇದ್ರೆ ಯಾಕೆ ಬರಲಿಲ್ಲ ಅಂತ ಕೇಳ್ತಾರೆ. ಕೇಳಿದ್ರೆ ನಾನೇನು ಹೇಳ್ಲಿ?”

“ಅದೇ ಕಣ್ರೀ ನಂಗೆ ಭಯ. ಪೊಲೀಸ್ರಿಗಿಂತ ನಿಮ್ಮ ನಾಲಿಗೆ ಭಯ ನಂಗೆ.”

“ನಂಗೂ ಅದೇ ಭಯ” ಎಂದರು ಅಪ್ಪ.

ಉತ್ಸವದ ದಿನ ಸಣ್ಣಗೆ ಸೋನೆ ಹಿಡಿದಿತ್ತು. ಶಾಲೆಯ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ ಮಾವಿನ ಸೊಪ್ಪು ಕಟ್ಟಿದ್ದರು. ನಡುವೆ ಕಂಬ, ಅದಕ್ಕೆ ಇಂಗ್ಲಿಷರ ಬಾವುಟ, ಪಕ್ಕದಲ್ಲಿ ಮಹಾರಾಜರದು. ಮಳೆಯಲ್ಲಿ ನೆಂದು ಎರಡೂ ಕಂಬಕ್ಕೆ ಅಂಟಿಕೊಂಡಿದ್ದವು. ಕಂಬದ ಸುತ್ತ ಮಣ್ಣಿನ ಹಣತೆಗಳನ್ನು ಸಾಲಾಗಿ ಇಟ್ಟಿದ್ದರು. ಅಮಲ್ದಾರರು ಕುರ್ಚಿಯಲ್ಲಿ, ಪಕ್ಕದಲ್ಲಿ ದೊರೆಸಾನಿ, ಅವರ ಪಕ್ಕದಲ್ಲಿ ಪಟೇಲರು. ಗಲಾಟೆಯಾಗಬಹುದೆಂದು ದಫೇದಾರ ಇಬ್ಬರು ಪೇದೆಗಳನ್ನು ಕರೆದುಕೊಂಡು ಬಂದಿದ್ದ. ಬೇಲಿಯ ಆಚೆ ಹೊಂಗೆ ಮರದ ಕೆಳಗೆ ಪಟೇಲರ ಕಿರಿಯ ಮಗ ಮತ್ತು ಏಳೆಂಟು ಹುಡುಗರು ಕೈಕಟ್ಟಿ ನಿಂತಿದ್ದರು. ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಅಪ್ಪನ ಮುಂದೆ ಅಮಲ್ದಾರರು, ಹಿಂದೆ ಆ ಹುಡುಗರು.

ನಾನು ಹಾಡಿದೆ. ಅರ್ಥ ಗೊತ್ತಿಲ್ಲದ ಹಾಡು. ಮೊದಲ ಸಾಲಿಗೇ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತು. ದೊರೆಸಾನಿ ತಾವೂ ಸೇರಿಕೊಂಡು ಹಾಡಿ ಮುಗಿಸಿದರು. ನಾನು ಬಂದು ಅಮ್ಮನ ಪಕ್ಕ ನಿಂತೆ. ಇನ್ನು ಕಡ್ಲೆಪುರಿ ಹಂಚಿದರೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ದೊರೆಸಾನಿ ಎದ್ದರು.

“ಮೊದಲನೆಯ ದೀಪವನ್ನು ನಮ್ಮ ಉಪಾಧ್ಯಾಯರ ಹೆಂಡತಿಯು ಹಚ್ಚುವರು,” ಎಂದರು. “ಈಕೆಯ ಮಗನು ಮೂರು ವರ್ಷಗಳಿಂದ ಜಪಾನೀಯರ ಸೆರೆಯಲ್ಲಿರುವನು. ಈ ವಿಜಯದಿಂದ ಅವನು ಬಿಡುಗಡೆಯಾಗಿ ತನ್ನ ತಾಯಿಯ ಬಳಿಗೆ ಬರುವನು.”

ಅಮಲ್ದಾರರಿಗೆ ಅದು ಹೊಸ ಸುದ್ದಿ. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: “ಹೌದೇ ಮೇಷ್ಟ್ರೇ? ನನಗೆ ಯಾರೂ ಹೇಳಲೇ ಇಲ್ಲ. ಈಗ ಎಲ್ಲಿದ್ದಾನೆ? ಏನಾದರೂ ಸುದ್ದಿ ಬಂದಿದೆಯೇ?”

ಚಪ್ಪರದ ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪ ಎದ್ದು ನಿಂತರು. ಅವರ ಬಾಯಿ ತೆರೆದದ್ದು ನನಗೆ ಕಂಡಿತು. ಹೇಳಿಬಿಡುತ್ತಾರೆ ಎಂದು ನನಗೆ ಖಚಿತವಾಯಿತು. ಬರ್ಮಾ, ಲಾರಿ, ಆ ಕಡೆ ಸೇರಿದವರು, ಎಲ್ಲ. ದಫೇದಾರ ಎರಡು ಮಾರು ದೂರದಲ್ಲಿ ನಿಂತಿದ್ದ.

ಅಮ್ಮ ನಡೆದುಹೋದಳು. ಸಭೆಯಲ್ಲಿ ಗಂಡಸರ ಮುಂದೆ ಅವಳು ಹಾಗೆ ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ದೊರೆಸಾನಿಯ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು. ಹಣತೆಯ ಕಡೆ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು. ಆಮೇಲೆ ನೆಟ್ಟಗಾಗಿ, ಪೊಟ್ಟಣವನ್ನು ಅಮಲ್ದಾರರ ಮುಂದಿನ ಮೇಜಿನ ಮೇಲಿಟ್ಟು ಕೈಮುಗಿದಳು.

“ಸ್ವಾಮಿ, ನನ್ನ ಮಗನ ಮುಖ ನೋಡೋವರೆಗೂ ನನ್ನ ಕೈಲಿ ಹಬ್ಬದ ದೀಪ ಹಚ್ಚಕ್ಕಾಗಲ್ಲ. ಬಲವಂತ ಮಾಡಬೇಡಿ. ಕ್ಷಮಿಸಬೇಕು.”

ಅಷ್ಟು ಹೇಳುವುದರಲ್ಲಿ ಅಳು ಬಂದುಬಿಟ್ಟಿತು. ನಾಟಕದ ಅಳುವಲ್ಲ. ಎರಡು ತಿಂಗಳಿನಿಂದ ತಡೆದುಕೊಂಡದ್ದು ಕೆಮ್ಮಿನ ಹಾಗೆ ಒದ್ದುಕೊಂಡು ಬಂತು. ದೊರೆಸಾನಿ ಎದ್ದು ಅಮ್ಮನನ್ನು ತಬ್ಬಿಕೊಂಡರು. ಅಮಲ್ದಾರರು ತಲೆ ತಗ್ಗಿಸಿ, “ಪಾಪ, ತಾಯಿ ಕರುಳು” ಎಂದರು. ಅಪ್ಪನಿಗೆ ಕೇಳಿದ್ದ ಪ್ರಶ್ನೆಯನ್ನು ಮರೆತರು. ದೊರೆಸಾನಿಯೇ ಮೊದಲ ಹಣತೆ ಹಚ್ಚಿದರು.

ಆಗ ಬೇಲಿಯ ಆಚೆ ಒಬ್ಬ ಚಪ್ಪಾಳೆ ತಟ್ಟಿದ. ಪಟೇಲರ ಮಗ. ಒಬ್ಬನೇ, ನಿಧಾನವಾಗಿ. ಇಂಗ್ಲಿಷರ ದೀಪ ಹಚ್ಚಲು ಈ ಹೆಂಗಸು ಒಪ್ಪಲಿಲ್ಲ ಎಂದು ಅವನಿಗೆ ಅರ್ಥವಾಗಿತ್ತು. ದಫೇದಾರ ತಿರುಗಿ ಅವನನ್ನು ನೋಡಿದ. ಆಮೇಲೆ ಇತ್ತ ತಿರುಗಿ ಅಮ್ಮನನ್ನು ನೋಡಿದ. ಅವನ ಆ ನೋಟ ಅಮ್ಮನಿಗೆ ಕಾಣಲಿಲ್ಲ, ಅವಳ ಮುಖ ದೊರೆಸಾನಿಯ ಭುಜದಲ್ಲಿತ್ತು. ನನಗೆ ಕಂಡಿತು.

ಅಂದು ಮುಸ್ಸಂಜೆಗೆ ನಾಲ್ಕನೇ ಮನೆಯ ಮಾವ ಜಗಲಿಯ ಉದ್ದಕ್ಕೂ ಹಣತೆ ಹಚ್ಚಿಟ್ಟರು. ಅವರದೊಂದೇ ಮನೆ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಕಲ್ಲುಗಳು ಬಂದವು. ಹಣತೆಗಳು ಒಡೆದವು, ಹೆಂಚು ಒಡೆದವು, ಮಾವನ ಹೆಂಡತಿಯ ಭುಜಕ್ಕೆ ಒಂದು ಕಲ್ಲು ಬಿದ್ದು ಅವಳು ಕಿರುಚಿದ್ದು ಕೇಳಿಸಿತು. ಅಪ್ಪ ಓಡಿದರು. ನಾವು ಬಾಗಿಲು ಹಾಕಿಕೊಂಡು, ಇನ್ನೇನು ನಮ್ಮ ಮನೆಗೂ ಬೀಳುತ್ತದೆ ಎಂದು ಒಳಮನೆಯ ಮೂಲೆಯಲ್ಲಿ ಕುಳಿತೆವು. ಬೀಳಲಿಲ್ಲ. ಹೆಜ್ಜೆಯ ಸದ್ದು ಮಾತ್ರ ನಮ್ಮ ಬಾಗಿಲವರೆಗೆ ಬಂದು, ನಿಂತು, ಹೋಯಿತು.

ಸದ್ದಡಗಿದ ಮೇಲೆ ಅಮ್ಮ ಬಾಗಿಲು ತೆಗೆದು ನೋಡಿದರೆ ಚಿಲಕಕ್ಕೆ ನೂಲಿನ ಹಾರವೊಂದು ಹಾಕಿತ್ತು. ಕೈಯಲ್ಲಿ ನೂತ ಬಿಳಿ ನೂಲು. ಚಳವಳಿಯವರು ತಮ್ಮ ಮುಖಂಡರಿಗೆ ಹಾಕುವಂಥದು. ಅಮ್ಮ ಅದನ್ನು ಹಾವು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ತಂದು ಬಚ್ಚಲ ಒಲೆಗೆ ಹಾಕಿದಳು. ಒದ್ದೆಯಾಗಿದ್ದರಿಂದ ಬೇಗ ಉರಿಯಲಿಲ್ಲ. ಹೊಗೆ ಬಂತು, ಕಮಟು ವಾಸನೆ ಬಂತು. “ಊದು, ಊದು” ಎಂದಳು. ನಾನು ಊದುಕೊಳವೆ ಹಿಡಿದು ಕಣ್ಣಲ್ಲಿ ನೀರು ಸುರಿಯುವವರೆಗೂ ಊದಿದೆ. ಕಲ್ಲು ಬಿದ್ದಿದ್ದರೇ ಚೆನ್ನಾಗಿತ್ತು ಎಂದು ಅಮ್ಮ ಗೊಣಗಿದಳು.

ಅವಳು ಹೇಳಿದ್ದು ನಿಜವಾಯಿತು. ಮಾರನೆಯ ದಿನ ದಫೇದಾರ ವಿಚಾರಣೆಗೆ ಬಂದ. ನಾಲ್ಕನೇ ಮನೆಯ ಮಾವ ಅವನ ಮುಂದೆಯೇ ಅಪ್ಪನನ್ನು ಕೇಳಿದರು: “ನನ್ನ ಹೆಂಡ್ತಿ ಮೈಮೇಲೆ ಕಲ್ಲು ಬಿತ್ತು. ನಿಮ್ಮ ಮನೆ ಮೇಲೆ ಒಂದು ಚೂರು ಬೀಳಲಿಲ್ಲ. ಯಾಕೆ ಮೇಷ್ಟ್ರೇ?” ಅಪ್ಪ, “ನಮ್ಮನೇಲಿ ದೀಪ ಇರಲಿಲ್ಲ” ಎಂದರು. ಮಾವ ಮುಖ ತಿರುಗಿಸಿದರು. ಆ ವರ್ಷ ಕ್ರಿಸ್‌ಮಸ್ಸಿಗೆ ಅವರ ಮನೆಯವರು ನಮ್ಮ ಪ್ರಾರ್ಥನೆಗೆ ಬರಲಿಲ್ಲ, ಮಕ್ಕಳನ್ನು ಕರೆದುಕೊಂಡು ದಂಡಿಗೆ ಹೋದರು. ನಾಲ್ಕು ಮನೆಯ ಹಾಡು ಮೂರು ಮನೆಯದಾಯಿತು.

ದಫೇದಾರ ನಮ್ಮನ್ನು ಏನೂ ಕೇಳಲಿಲ್ಲ. ಆದರೆ ಆವತ್ತಿನಿಂದ ಪ್ರತಿ ವಾರ ಪಟೇಲರ ಮನೆಯಿಂದ ಹಿಂತಿರುಗುವಾಗ ನಮ್ಮ ಜಗಲಿಯ ಹತ್ತಿರ ಸೈಕಲ್ಲು ನಿಲ್ಲಿಸುತ್ತಿದ್ದ. “ಬಾಯಾರಿಕೆ ಮೇಷ್ಟ್ರೇ, ಒಂದು ಲೋಟ ನೀರು” ಎನ್ನುತ್ತಿದ್ದ. ನೀರು ಕೊಡುವ ಕೆಲಸ ನನ್ನದು. ಅವನು ನಿಧಾನವಾಗಿ ಕುಡಿದು, ಮನೆಯೊಳಗೆ ಒಂದು ಸಲ ಕಣ್ಣಾಡಿಸಿ, ಮಳೆ ಬೆಳೆ ಮಾತಾಡಿ ಹೋಗುತ್ತಿದ್ದ. ಒಂದು ದಿನ ಲೋಟ ಹಿಂದಕ್ಕೆ ಕೊಡುತ್ತಾ, “ಅಣ್ಣನ ಸುದ್ದಿ ಬಂತಾ ಮಗು?” ಎಂದ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಒಳಗೆ ಬಂದು ನೋಡಿದರೆ ಅಮ್ಮ ಗೋಡೆಗೆ ಕಿವಿ ಕೊಟ್ಟು ಕುಳಿತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು.

ಚಳಿಗಾಲಕ್ಕೆ ಗಾಳಿ ಬದಲಾಯಿತು. ದಿಲ್ಲಿಯಲ್ಲಿ ಆ ಕಡೆ ಸೇರಿದ್ದವರ ಮೇಲೆ ಮೊಕದ್ದಮೆ ನಡೆಯಿತು. ಪಟೇಲರ ಮಗ ಅರಳಿಕಟ್ಟೆಯಲ್ಲಿ ಪತ್ರಿಕೆ ಜೋರಾಗಿ ಓದುತ್ತಿದ್ದ. ಅಪ್ಪ ಅಂಗಡಿಗೆ ಹೋಗುವ ನೆಪದಲ್ಲಿ ಅಲ್ಲಿ ನಿಂತು ಕೇಳಿ ಬರುತ್ತಿದ್ದರು. ಊರೂರಿನಲ್ಲಿ ಜನ ಅವರನ್ನು ವೀರರು ಎನ್ನುತ್ತಿದ್ದಾರಂತೆ, ಬಿಟ್ಟುಬಿಡಿ ಎಂದು ಮೆರವಣಿಗೆ ಮಾಡುತ್ತಿದ್ದಾರಂತೆ. ಅಪ್ಪ ಇದನ್ನೆಲ್ಲ ಹೇಳಿದರೆ ಅಮ್ಮ, “ಜನ ಇವತ್ತು ಒಂದಂತಾರೆ, ನಾಳೆ ಒಂದಂತಾರೆ. ನೀವು ಬಾಯಿ ಬಿಡಬೇಡಿ” ಎನ್ನುತ್ತಿದ್ದಳು.

ನಲವತ್ತಾರರ ಬೇಸಿಗೆಯಲ್ಲಿ ಅಣ್ಣ ಬಂದ. ನಂದಗುಡಿಯಲ್ಲಿ ಬಸ್ಸಿಳಿದು ನಡೆದು ಬಂದ. ಮೊಸರಿನ ಅತ್ತೆ ಗದ್ದೆ ಬದುವಿನ ಮೇಲೆ ಅವನನ್ನು ನೋಡಿ, ತಲೆಯ ಮೇಲಿನ ಗಡಿಗೆ ಇಳಿಸಿಟ್ಟು ಓಡಿ ಬಂದಳು. ಅಣ್ಣ ಕಡ್ಡಿಯಾಗಿದ್ದ. ಮುಂದಿನ ಹಲ್ಲು ಒಂದು ಇರಲಿಲ್ಲ. ಅಮ್ಮ ಅವನನ್ನು ಕೈಹಿಡಿದು ಒಳಗೆ ಎಳೆದುಕೊಂಡು, ಬಾಗಿಲು ಹಾಕಿ, ಕಿಟಕಿ ಹಾಕಿ, ಆಮೇಲೆ ಮುಖ ಮುಟ್ಟಿದಳು. “ಯಾರಾದ್ರೂ ನೋಡಿದ್ರಾ?” ಎಂದಳು.

“ನೋಡ್ಲಿ ಬಿಡಮ್ಮ. ನಮ್ಮನ್ನ ಬಿಟ್ಟಿದ್ದಾರೆ. ಸೈನ್ಯದಿಂದ ತೆಗೆದುಹಾಕಿದ್ದಾರೆ, ಅಷ್ಟೇ,” ಎಂದ ಅಣ್ಣ.

ಲಾರಿಯವನು ನೋಡಿದ್ದು ಅವನನ್ನೇ. ಆ ಕಡೆ ಯಾಕೆ ಹೋದೆ ಎಂದು ಅಪ್ಪ ಕೇಳಿದರು. ಬೈಯಲು ಕೇಳಿದ್ದಲ್ಲ, ತಿಳಿಯಲು. “ಸೆರೆಯಲ್ಲಿ ಜನ ಜ್ವರ ಬಂದು ಸಾಯ್ತಿದ್ರು ಅಪ್ಪ. ಕೈಯಲ್ಲಿ ಒಂದು ಮಾತ್ರೆ ಇಲ್ಲ. ಆ ಕಡೆ ಬಂದ್ರೆ ಔಷಧಿ ಪೆಟ್ಟಿಗೆ ನಿನ್ನ ಕೈಗೇ ಕೊಡ್ತೀವಿ ಅಂದ್ರು. ಹೋದೆ,” ಎಂದ. “ಆಮೇಲೆ ಇಂಗ್ಲಿಷರನ್ನ ಓಡಿಸ್ಬೇಕು ಅನ್ನೋ ಅವರ ಮಾತೂ ಸರಿ ಅನ್ನಿಸ್ತು.”

ಅಪ್ಪ ತಾವಾಗಿಯೇ ಮಿಷನ್ ಬಂಗಲೆಗೆ ಹೋಗಿ ದೊರೆಸಾನಿಗೆ ಎಲ್ಲ ಹೇಳಿದರು. ಜೊತೆಗೆ ನಾನೂ ಹೋಗಿದ್ದೆ. ಕೆಲಸ ಹೋಗುತ್ತದೆ, ಮನೆ ಬಿಡಿಸುತ್ತಾರೆ ಎಂದು ಅಮ್ಮ ಮನೆಯಲ್ಲಿ ಪಾತ್ರೆ ಪಡಗ ಕಟ್ಟಿಡುತ್ತಿದ್ದಳು. ದೊರೆಸಾನಿ ಎಲ್ಲವನ್ನೂ ಕೇಳಿದರು. “ನನ್ನ ತಂಗಿಯ ಮಗನು ಸಿಂಗಪುರದ ಸೆರೆಯಲ್ಲಿ ಸತ್ತನು. ಆ ಉತ್ಸವದ ದಿನ ನನಗೆ ಅದು ತಿಳಿದಿರಲಿಲ್ಲ” ಎಂದರು. ನಮಗೂ ಅದು ತಿಳಿದಿರಲಿಲ್ಲ. ಅಪ್ಪ ಎದ್ದು ನಿಂತುಬಿಟ್ಟರು.

“ನೀವು ನನಗೆ ಮೊದಲೇ ಹೇಳಬಹುದಾಗಿತ್ತು,” ಎಂದರು ದೊರೆಸಾನಿ.

“ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ ಅಮ್ಮಾ?”

ಅವರು ಯೋಚಿಸಿದರು. “ನನಗೆ ತಿಳಿಯದು,” ಎಂದರು. ಅಪ್ಪನ ಕೆಲಸ ಹೋಗಲಿಲ್ಲ. ಆದರೆ ದೊರೆಸಾನಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಮುಂದಿನ ವರ್ಷ ತಮ್ಮ ದೇಶಕ್ಕೆ ಹಡಗು ಹತ್ತಿದರು.

ನಲವತ್ತೇಳರ ಆಗಸ್ಟಿನಲ್ಲಿ ಪಟೇಲರ ಮಗ ನಮ್ಮ ಜಗಲಿಗೆ ಬಂದು ಕುಳಿತ. ಊರಿನ ಬಾವುಟವನ್ನು ಅಣ್ಣನೇ ಏರಿಸಬೇಕು ಎಂದ. ಈ ಸಲ ನಮ್ಮ ಸಾಲಿನಲ್ಲಿ ಜಗಳವಾಗಲಿಲ್ಲ. ಗಾರೆ ತಾತ ಮಾತ್ರ, ಬಾವುಟಕ್ಕೆ ಕಾಯಿ ಒಡೆಯುತ್ತಾರಂತೆ, ನಾವು ತೀರ್ಥ ತೆಗೆದುಕೊಳ್ಳದೆ ನಿಂತರೆ ತಪ್ಪು ತಿಳಿಯುತ್ತಾರೋ ಎಂದು ಕೇಳಿದರು. “ನಿಂತ್ಕೊಳ್ಳಿ ತಾತ, ಸಾಕು. ತೀರ್ಥ ಬೇಡದೋರಿಗೆ ಬೇಡ,” ಎಂದ ಪಟೇಲರ ಮಗ. ನಾಲ್ಕನೇ ಮನೆಯ ಮಾವನೂ ಬರುತ್ತೇನೆಂದರು. ಅವರ ದೊರೆ ತನ್ನ ಸೀಮೆಗೆ ಹಿಂತಿರುಗಿಯಾಗಿತ್ತು, ಅವರಿಗೆ ಕೆಲಸವಿರಲಿಲ್ಲ. ಕಲ್ಲು ಹೊಡೆಸಿದವನ ಜೊತೆ ಅವರು ಒಂದೇ ಬೆಂಚಿನಲ್ಲಿ ಕುಳಿತರು. ಅವರ ಹೆಂಡತಿ ಬರಲಿಲ್ಲ.

ಅಮ್ಮ ಬಂದಳು, ಆದರೆ ಮುಂದೆ ಬರಲಿಲ್ಲ. ಶಾಲೆಯ ಗೇಟಿನ ಹತ್ತಿರ ನನ್ನ ಕೈ ಹಿಡಿದು ನಿಂತಳು. ಅಣ್ಣ ಹಗ್ಗ ಎಳೆದಾಗ ಅವಳು ಬಾವುಟವನ್ನು ನೋಡಲಿಲ್ಲ. ಕಂಬದ ಪಕ್ಕದಲ್ಲಿ ನೆಟ್ಟಗೆ ನಿಂತು ಸಲಾಮು ಹೊಡೆಯುತ್ತಿದ್ದ ದಫೇದಾರನನ್ನು ನೋಡುತ್ತಿದ್ದಳು. ಅವನೇ, ಹಳೆಯ ದಫೇದಾರನೇ. ಪಟಾಕಿ ಸಿಡಿದಾಗ ನನ್ನನ್ನು ಗೋಡೆಯ ಮರೆಗೆ ಎಳೆದುಕೊಂಡಳು. ಹದಿನೈದು ದಾಟಿದ ಹುಡುಗಿ ನಾನು, ನಾಚಿಕೆಯಾಯಿತು. ಕೈ ಬಿಡಿಸಿಕೊಳ್ಳಲು ನೋಡಿದೆ. ಬಿಡಲಿಲ್ಲ.

ಆಮೇಲೆ ಅಣ್ಣ ತಾಲ್ಲೂಕಿನ ಆಸ್ಪತ್ರೆಯಲ್ಲಿ ಕಂಪೌಂಡರ್ ಆದ. ಮದುವೆಯಾಯಿತು, ಮೂರು ಮಕ್ಕಳಾದವು. ಅಮ್ಮ ಮೊಮ್ಮಕ್ಕಳನ್ನು ಕಣ್ಣ ರೆಪ್ಪೆಯ ಹಾಗೆ ನೋಡಿಕೊಂಡಳು. ಬಾವುಟ ಏರಿಸುವ ಸರ್ಕಾರಿ ಹಬ್ಬದ ದಿನ ಬೆಳಿಗ್ಗೆ ಮಾತ್ರ ಮೂವರಲ್ಲಿ ಯಾರಿಗಾದರೂ ಒಬ್ಬರಿಗೆ ಹೊಟ್ಟೆನೋವು ಎಂದು ಹೇಳಿ ಶಾಲೆಗೆ ಕಳಿಸದೆ ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದಳು. ಮೂವರನ್ನೂ ಉಳಿಸಿಕೊಂಡರೆ ಮೇಷ್ಟ್ರು ಯಾಕೆ ಎಂದು ಕೇಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.